ಎಂಟ್ಮೂಲಿ ಕಾಗದ

ಲಾರಿಗಳಿಗೆ ಡ್ರೈವರ್ ಬೇಕಿಲ್ಲದ ಕಾಲ ಬಂದಾಗ ಗದಗ ಸೀಮೆಯ ಜನ ಮೊದಲು ನಕ್ಕರು. ಚಹಾದಂಗಡಿಯ ಮುಂದೆ ನಿಲ್ಲದ್ದು ಯಾವ ಸೀಮೆಯ ಲಾರಿ ಎಂದರು. ಆಮೇಲೆ ಮಹಾಪಥ ಬಂತು. ಬಂದರಿನಿಂದ ಉಕ್ಕಿನ ಕಾರ್ಖಾನೆಗಳವರೆಗೆ, ಎರೆಹೊಲಗಳನ್ನು ಸೀಳಿಕೊಂಡು ಹೋಗುವ ನಾಲ್ಕು ಸಾಲಿನ ರಸ್ತೆ. ಅದರ ಮೇಲೆ ಬಿಡುವಿಲ್ಲದೆ ಓಡುವ ಲಾರಿಗಳಿಗೆ ಕಣ್ಣಿನ ಜಾಗದಲ್ಲಿ ರೇಡಾರ್ ಇತ್ತು, ಮಿದುಳಿನ ಜಾಗದಲ್ಲಿ ಒಂದು ಪ್ರೋಗ್ರಾಂ ಇತ್ತು, ನಾಚಿಕೆಯ ಜಾಗದಲ್ಲಿ ಏನೂ ಇರಲಿಲ್ಲ. ನಗುತ್ತಿದ್ದವರು ಸುಮ್ಮನಾದರು.

ರಸ್ತೆಯ ಎರಡೂ ಬದಿಗೆ ತಂತಿಬೇಲಿ ಹಾಕಿದ್ದರು. ಕುರಿಗಾರರ ಹಳೆಯ ದಾರಿಗಳು ಅಡ್ಡ ಬಂದಲ್ಲೆಲ್ಲ ಕೋರ್ಟಿನ ಅಪ್ಪಣೆಯಂತೆ ಬೇಲಿಯಲ್ಲಿ ಒಂದೊಂದು ಕಂಡಿ ಬಿಟ್ಟು, ಪಕ್ಕದಲ್ಲಿ ಫಲಕ ನೆಟ್ಟಿದ್ದರು: ‘ದಾಟುವವರು ತಮ್ಮ ಜವಾಬ್ದಾರಿಯ ಮೇಲೆ ದಾಟತಕ್ಕದ್ದು.’ ಓದಲು ಬರದ ಇನ್ನೂರು ಕುರಿಗಳನ್ನು ಹೊಡೆದುಕೊಂಡು, ಓದಲು ಬರುತ್ತಿದ್ದ ಬೀರಪ್ಪ ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಂಥದೊಂದು ಕಂಡಿಯಲ್ಲಿ ರಸ್ತೆಗೆ ಇಳಿದ. ಎರಡು ಸಾಲು ದಾಟಿದ. ಮೂರನೆಯದನ್ನು ದಾಟಲಿಲ್ಲ.

ಬೀರಪ್ಪನ ಅಕ್ಕ ಹಾಲವ್ವ ಡೊಳ್ಳಿನ, ಬೆಟಗೇರಿಯ ಒಂದು ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸದವಳು. ಕುರಿಹಟ್ಟಿಯಲ್ಲಿ ಹುಟ್ಟಿ ಬೆಳೆದವಳು ಇಪ್ಪತ್ತೆರಡು ವರ್ಷದಿಂದ ಶಾಲೆಯ ಗಣಿತ ಪುಸ್ತಕಗಳನ್ನು ಕಂಪೋಸ್ ಮಾಡುತ್ತಿದ್ದಳು. ತಮ್ಮ ಸತ್ತ ಮೇಲೆ ಮಹಾಪಥ ಮಂಡಳಿಗೆ ಅವಳು ಬರೆದು ಉತ್ತರ ಬಾರದ ಅರ್ಜಿಗಳು ಹದಿನಾಲ್ಕು. ಹದಿನೈದನೆಯದಕ್ಕೆ ಉತ್ತರ ಬಂತು: ಹುಬ್ಬಳ್ಳಿಯ ನಿಯಂತ್ರಣ ಕೇಂದ್ರಕ್ಕೆ ಬಂದು ಅಂದಿನ ದಾಖಲೆಯನ್ನು ನೋಡಬಹುದು. ಅಷ್ಟು ಹೊತ್ತಿಗೆ ವರ್ಷ ತಿರುಗುತ್ತ ಬಂದಿತ್ತು. ಇನ್ನು ಇಪ್ಪತ್ತು ದಿನಕ್ಕೆ ಅವರ ಅಣ್ಣ ಮಾಳಪ್ಪ ಉಳಿದ ಕುರಿಗಳನ್ನು ಹೊಡೆದುಕೊಂಡು ಅದೇ ಕಂಡಿಯಲ್ಲಿ ಆಚೆ ಹೋಗಬೇಕು. ರಸ್ತೆಯ ಕೆಳಗಿನ ಸುರಂಗ ಇದ್ದದ್ದು ಅರವತ್ತು ಕಿಲೋಮೀಟರ್ ದೂರದಲ್ಲಿ, ಅಲ್ಲಿಯತನಕ ಮೇವೂ ಇಲ್ಲ, ನೀರೂ ಇಲ್ಲ.

ನಿಯಂತ್ರಣ ಕೇಂದ್ರದಲ್ಲಿ ಗೋಡೆಗೆ ಗೋಡೆಯೇ ಪರದೆ. ಇಮ್ತಿಯಾಜ್ ನದಾಫ್ ಎಂಬ ಎಂಜಿನಿಯರ್ ಅವಳಿಗೆ ಕುರ್ಚಿ ಕೊಟ್ಟು, ಆ ದಿನದ ದಾಖಲೆಯನ್ನು ತೆರೆದ. ರಸ್ತೆ, ಲಾರಿಗಳು, ಅಲ್ಲಲ್ಲಿ ಬೂದು ಚುಕ್ಕೆಗಳು.

‘ನನ್ನ ತಮ್ಮ ಎಲ್ಲದಾನ್ರಿ?’ ಎಂದಳು ಹಾಲವ್ವ.

ನದಾಫ್ ಒಂದು ಬೂದು ಚುಕ್ಕೆಯ ಮೇಲೆ ಬೆರಳಿಟ್ಟ. ಅದರ ಪಕ್ಕದಲ್ಲಿ ಲಾರಿಯ ಪ್ರೋಗ್ರಾಂ ತಾನೇ ಬರೆದುಕೊಂಡ ಷರಾ ಇತ್ತು: ‘ಧೂಳು. ವೇಗ ಬದಲಿಸುವ ಅಗತ್ಯವಿಲ್ಲ.’

ಹಾಲವ್ವ ಅದನ್ನು ಎರಡು ಸಲ ಓದಿದಳು. ಕರಡು ತಿದ್ದುವವರ ಚಾಳಿ; ತಪ್ಪು ಕಂಡರೆ ಎರಡು ಸಲ ಓದುತ್ತಾರೆ. ‘ಆರಡಿ ಆಳು ಇದ್ದನ್ರಿ ಅಂವ,’ ಎಂದಳು.

‘ಮನುಷ್ಯಾರ ಮೈಯಿಂದ ತರಂಗ ಭಾಳ ಕಡಿಮಿ ವಾಪಸ್ ಬರ್ತಾವ ಅಕ್ಕಾರ. ಕಂಬಳಿ, ಕುರಿ ಉಣ್ಣೆ ಅಂತೂ ನುಂಗೇ ಬಿಡ್ತಾವ. ಸಣ್ಣಸಣ್ಣದಕ್ಕೆಲ್ಲ ನಿಂತ್ರ ಲಾರಿ ಊರು ಮುಟ್ಟಂಗಿಲ್ಲ ಅಂತ ಮಂಡಳಿಯವ್ರು ಒಂದು ಗೆರಿ ಹಾಕ್ಯಾರ. ಆ ಗೆರಿ ಕೆಳಗ ಬಂದದ್ದೆಲ್ಲಾ ಧೂಳು.’

‘ಗೆರಿ ಮ್ಯಾಲ ಬರಬೇಕಂದ್ರ?’

ನದಾಫ್ ಒಮ್ಮೆ ಹಿಂದೆ ತಿರುಗಿ ನೋಡಿ ದನಿ ಇಳಿಸಿದ. ‘ಹೋದ ತಿಂಗಳ ಯಾರೋ ಒಗದಿದ್ದ ಒಂದು ತಗಡಿನ ಪೆಟಿಗಿ ಹದಿನಾರು ಲಾರಿ ನಿಲ್ಲಿಸ್ತು. ಅದಕ್ಕ ಮುಚ್ಚಳ ಇರಲಿಲ್ಲ, ಒಳಗಿನ ಮೂಲಿ ಲಾರಿ ಕಡೆ ಮುಖ ಮಾಡಿತ್ತು. ಮೂರು ಗ್ವಾಡಿ ಕಾಟಕೋನಕ್ಕ, ಅಂದ್ರ ತೊಂಬತ್ತು ಡಿಗ್ರಿಗೆ, ಕೂಡಿದ ಮೂಲ್ಯಾಗ ಬಿದ್ದ ತರಂಗ, ಮೂರಕ್ಕೂ ಬಡದು, ಬಂದ ದಾರಿಗೇ ತಿರುಗಿ ಹೋಗತೈತಿ. ಅಂಗೈಯಷ್ಟ ಮೂಲಿ ಸಾಕ್ರಿ. ರೇಡಾರಿಗೆ ಅದು ಒಂದು ಲಾರಿಯಷ್ಟು ದೊಡ್ಡದು ಕಾಣತೈತಿ. ಆದ್ರ ಗ್ವಾಡಿ ಎರಡು ಡಿಗ್ರಿ ಸೊಟ್ಟಾದ್ರೂ ಮುಗೀತು, ತರಂಗ ಬ್ಯಾರೆ ಕಡೆ ಹೋಗಿ ಬಿಡತೈತಿ.’

ಬೆಟಗೇರಿಗೆ ಮರಳುವ ಬಸ್ಸಿನಲ್ಲಿ ಹಾಲವ್ವ ಮಂಡಳಿಯ ಪತ್ರವನ್ನು ಚೌಕಾಕಾರಕ್ಕೆ ಹರಿದು ಮಡಚುತ್ತ ಕುಳಿತಳು. ಅಳಬೇಕೆಂದು ಅನ್ನಿಸಿತ್ತು. ಆದರೆ ಕೈಗೆ ಕೆಲಸ ಸಿಕ್ಕಿತ್ತು.

ಆ ಕಾಲದಲ್ಲಿ ಮನೆಮನೆಗೆ ವಸ್ತುಗಳನ್ನೇ ಅಚ್ಚು ಹಾಕುವ ಯಂತ್ರಗಳು ಬಂದಿದ್ದವು. ಯಾರೋ ನಾಲ್ಕು ಜನ ಅದರಲ್ಲಿ ಬಂದೂಕು ಮಾಡಿಕೊಂಡರೆಂದು, ಘನಾಕೃತಿ ಬಿಡಿಸುವ ತಂತ್ರಾಂಶಗಳಿಗೆಲ್ಲ ಸರ್ಕಾರ ಬೀಗ ಹಾಕಿತ್ತು. ಒಂದು ಡಬ್ಬಿಯ ಚಿತ್ರ ಬರೆಯಲೂ ಪರವಾನಗಿ ಬೇಕು. ಪುಟ ಜೋಡಿಸುವ ಹಳೆಯ ಭಾಷೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಬರೀ ಬರವಣಿಗೆ. ಅಕ್ಷರ ಎಲ್ಲಿ ಕೂರಬೇಕು, ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಸಾಲುಸಾಲಾಗಿ ಅಪ್ಪಣೆ ಬರೆದರೆ ಪುಟ ತಯಾರಾಗುತ್ತದೆ. ಆ ಭಾಷೆಯಲ್ಲಿಯೇ ಹಾಲವ್ವ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಕತ್ತರಿಸಿ ಅಂಟಿಸಲು ಘನ, ಚತುರ್ಮುಖಿ, ಅಷ್ಟಮುಖಿಗಳ ಮಡಿಕೆ ನಕ್ಷೆಗಳನ್ನು ಬರೆದುಕೊಟ್ಟಿದ್ದಳು. ಮಕ್ಕಳು ಅವುಗಳನ್ನು ದೀಪಾವಳಿಯ ಆಕಾಶಬುಟ್ಟಿ ಮಾಡಿಕೊಂಡಿದ್ದರು.

ಈಗ ಮತ್ತೆ ಬರೆದಳು. ಚೌಕ ಬರೆ. ಎರಡು ಕರ್ಣ ಎಳೆ. ನಾಲ್ಕು ತ್ರಿಕೋನವಾದವಲ್ಲ, ಅದರಲ್ಲಿ ಒಂದನ್ನು ಪಕ್ಕದ್ದರ ಅಡಿಗೆ ಸರಿಸಿ ಅಂಟಿಸು. ಉಳಿದ ಮೂರು ಬೇರೆ ದಾರಿಯಿಲ್ಲದೆ ಎದ್ದು ನಿಂತು ಮೂರು ಗೋಡೆಯ ಗುಳಿಯಾಗುತ್ತವೆ. ಅಂಥ ಎಂಟು ಗುಳಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂಡಿಸಿದರೆ ಅಷ್ಟಮುಖಿ. ಯಾವ ದಿಕ್ಕಿನಿಂದ ಬಂದರೂ ಒಂದು ಗುಳಿ ನಿಮ್ಮತ್ತ ಬಾಯಿ ತೆರೆದಿರುತ್ತದೆ. ಕಾಗದಕ್ಕೂ ಮೈ ಇದೆ, ಪ್ರತಿ ಮಡಿಕೆಯೂ ಕೂದಲೆಳೆಯಷ್ಟು ಅಳತೆಯನ್ನು ತಿನ್ನುತ್ತದೆ ಎಂಬುದು ಪ್ರೆಸ್ಸಿನವರಿಗೆ ಗೊತ್ತಿದ್ದಷ್ಟು ಎಂಜಿನಿಯರುಗಳಿಗೆ ಗೊತ್ತಿರುವುದಿಲ್ಲ. ಹಾಲವ್ವ ‘ದಪ್ಪ’ ಎಂದು ಒಂದು ಹೆಸರನ್ನಿಟ್ಟು, ಬಳಸುವ ಕಾಗದದ ದಪ್ಪವನ್ನು ಅಲ್ಲಿ ತುಂಬಿದರೆ ಗೆರೆಗಳೆಲ್ಲ ತಾವೇ ಸರಿದುಕೊಳ್ಳುವಂತೆ ಬರೆದಳು. ಕಾಗದವೆಂದರೆ ಲಗ್ನಪತ್ರಿಕೆಯ ಬೆಳ್ಳಿ ಹಾಳೆ. ಅದರ ಬೆಳ್ಳಿ ರೇಡಾರಿಗೆ ಕನ್ನಡಿ.

‘ಲಗ್ನದ ಸೀಜನ್ನಿನ್ಯಾಗ ನನ್ನ ಬೆಳ್ಳಿ ಹಾಳಿ ಕುರಿ ಕೊರಳಿಗೆ ಕಟ್ತೀ ಅಂತಲ್ಲವಾ?’ ಎಂದು ಪ್ರೆಸ್ಸಿನ ಮಾಲೀಕ ವಿರೂಪಾಕ್ಷಪ್ಪ ಅಂಗಡಿ ಗೊಣಗಿದ.

‘ಕುರೀದೂ ಲಗ್ನ ಐತ್ರಿ ಸಾವ್ಕಾರ್ರ.’

‘ವರಾ ಯಾರು?’

‘ಲಾರಿ.’

ವಿರೂಪಾಕ್ಷಪ್ಪ ನಗಲಿಲ್ಲ. ಆದರೆ ಕಪಾಟಿನ ಕೀಲಿಯನ್ನು ಮೇಜಿನ ಮೇಲೆ ಮರೆತವನಂತೆ ಬಿಟ್ಟು ಊಟಕ್ಕೆ ಹೋದ.

ಮೊದಲನೆಯದನ್ನು ಹಾಲವ್ವ ತನ್ನ ಕೈಯಾರೆ ಮಡಚಿದಳು. ಮಾಳಪ್ಪ ಅದನ್ನು ಉದ್ದನೆಯ ಬಿದಿರಿನ ತುದಿಗೆ ಕಟ್ಟಿ, ಬೇಲಿಯ ಕಂಡಿಯಿಂದ ರಸ್ತೆಯ ಮೇಲಕ್ಕೆ ಚಾಚಿದ. ದೂರದಲ್ಲಿ ಬರುತ್ತಿದ್ದ ಲಾರಿ ಚೀರುತ್ತ ವೇಗ ಇಳಿಸಿ, ಬಿದಿರಿಗೆ ನೂರು ಹೆಜ್ಜೆ ಇರುವಾಗ ನಿಂತೇ ಬಿಟ್ಟಿತು. ಮಾಳಪ್ಪ ಬಿದಿರನ್ನು ಹಿಂದಕ್ಕೆಳೆದ, ಲಾರಿ ಹೊರಟಿತು. ಮತ್ತೆ ಚಾಚಿದ; ಮತ್ತೊಂದು ನಿಂತಿತು.

‘ಇದರವ್ವನ! ಆಳಿಗೆ ಹೆದರಲಿಲ್ಲ, ಹಾಳಿಗೆ ಹೆದರತೈತಿ,’ ಎಂದ. ತಮ್ಮ ಸತ್ತ ಮೇಲೆ ಅಣ್ಣ ನಕ್ಕದ್ದನ್ನು ಹಾಲವ್ವ ಅಂದೇ ನೋಡಿದ್ದು.

ಮುಂದಿನ ಅರವತ್ತನ್ನು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಡಚುವ ಹೆಂಗಸರು ಮಾಡಿದರು. ಅವರಿಗೆಲ್ಲ ಹಿರಿಯಳು, ಚಿಕ್ಕಮ್ಮನಂಥವಳು, ಈರವ್ವ ಕಾಕು. ‘ಅಷ್ಟಮುಖಿ’ ಎಂಬ ಶಬ್ದ ಅವಳ ಬಾಯಿಗೆ ಒಗ್ಗದೆ ‘ಎಂಟ್ಮೂಲಿ’ ಎಂದಳು, ಎಲ್ಲರೂ ಹಾಗೆಯೇ ಅಂದರು. ಮಾಳಪ್ಪ ಅವುಗಳಲ್ಲಿ ಒಂದನ್ನು ಬಿದಿರಿಗೆ ಕಟ್ಟಿ ಚಾಚಿದ. ಲಾರಿ ನಿಲ್ಲಲಿಲ್ಲ. ಬಿದಿರು ಅವನ ಕೈಯಿಂದ ಕಿತ್ತುಕೊಂಡು ಹೋಗಿ ಹೊಲದಲ್ಲಿ ಬಿತ್ತು. ಇನ್ನೊಂದು ಕಟ್ಟಿದ. ಅದೂ ಅಷ್ಟೇ.

ಮಾಳಪ್ಪ ನೆಲಕ್ಕೆ ಕುಕ್ಕರಿಸಿದ. ‘ಇದನ್ನ ನಂಬಿ ನಾ ಕುರಿ ಇಳಸಾಂವ ಇದ್ದೆ, ತಂಗೆವ್ವ,’ ಎಂದ. ಬೈದಿದ್ದರೆ ಹಾಲವ್ವ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ.

ಅವಳು ಒಂದನ್ನು ಬಿಚ್ಚಿ ನೋಡಿದಳು. ಗೆರೆ ಸರಿ, ಮಡಿಕೆ ಸರಿ. ಪ್ರತಿ ಚೌಕದ ನಾಲ್ಕೂ ಮೂಲೆಗೆ ಮಾತ್ರ ಹಳದಿ ಬೊಟ್ಟು. ಹಸಿ ಅರಿಷಿಣ ಕುಡಿದು ಕಾಗದ ಅಲ್ಲಲ್ಲಿ ಉಬ್ಬಿತ್ತು, ಗೋಡೆಗಳು ಕೂದಲೆಳೆಯಷ್ಟು ಬಾಗಿದ್ದವು.

ಪ್ರೆಸ್ಸಿಗೆ ಬಂದವಳೇ, ‘ಕಾಕು, ಅರಿಷಿಣ ಯಾಕ ಹಚ್ಚಿದ್ರಿ?’ ಎಂದು ಕೂಗಿದಳು.

‘ಹಚ್ಚಬಾರದೇನ? ನಾಕೂ ಮೂಲಿಗೆ ಅರಿಷಿಣ ಇಲ್ಲದ ಬೆಳ್ಳಿ ಹಾಳಿ ನನ್ನ ಕೈಯಿಂದ ಹೊರಗ ಹೋಗಿಲ್ಲ ನೋಡು,’ ಎಂದಳು ಈರವ್ವ ಕಾಕು. ‘ಹಂಗ ಕೊಟ್ರ ಅದು ಸತ್ತವರ ದಿವಸದ ಕಾಗದ. ನಿನ್ನ ಮನ್ಯಾಗ ಒಂದು ಹೆಣ ಹೋಗೇತಿ. ಇನ್ನೊಬ್ಬ ದಾಟೂ ಹೊತ್ತಿನ್ಯಾಗ ದಿವಸದ ಕಾಗದ ಮಾಡಿ ಕೊಡಲೇನವ್ವ ನಾನು?’

ಬೈಯಲು ಬಂದ ಹಾಲವ್ವ ಕಾಕುವಿನ ಪಕ್ಕದಲ್ಲಿ ಕುಳಿತು ಅತ್ತಳು. ಹನ್ನೊಂದು ತಿಂಗಳ ಅಳು ಅದು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಅಂಟಿಸಿದ ಮೇಲೆ ಹೊರಗೆ ಉಳಿಯುವ ಒಂದು ಚಿಕ್ಕ ನಾಲಗೆಯ ಮೇಲೆ ಸಣ್ಣದೊಂದು ವೃತ್ತ ಬರುವಂತೆ ನಕ್ಷೆಯ ಕೋಡ್‌ನಲ್ಲಿ ಒಂದು ಸಾಲು ಸೇರಿಸಿ, ಅದರ ಪಕ್ಕದಲ್ಲಿ ‘ಅರಿಷಿಣ ಇಲ್ಲಿ’ ಎಂದು ಅಚ್ಚಾಗುವಂತೆ ಮಾಡಿದಳು. ಹೊಸ ಅರವತ್ತು ಎಂಟ್ಮೂಲಿಗಳಿಗೆ ಲಾರಿಗಳು ತೆಪ್ಪಗೆ ನಿಂತವು.

ಆದರೆ ನಿಂತ ಲಾರಿಗಳ ಲೆಕ್ಕ ಹುಬ್ಬಳ್ಳಿಯ ಪರದೆಯ ಮೇಲೆ ಬೀಳುತ್ತದಲ್ಲ. ಮೂರನೆಯ ದಿನ ಮಂಡಳಿಯ ಜೀಪು ಬಂತು. ಅರವತ್ತನ್ನೂ ಚೀಲಕ್ಕೆ ತುಂಬಿ ಒಯ್ದರು, ಹಾಲವ್ವನನ್ನು ವಿಚಾರಣೆಗೆ ಕರೆದರು.

ಈ ಸಲ ಅವಳಿಗೆ ಯಾರೂ ಕುರ್ಚಿ ಕೊಡಲಿಲ್ಲ. ನಿರ್ದೇಶಕ ಪ್ರಭಂಜನ್ ಮೇಜಿನ ಮೇಲೆ ಒಂದು ಎಂಟ್ಮೂಲಿಯನ್ನು ಇಟ್ಟುಕೊಂಡು ಬೆರಳಿನಿಂದ ತಿರುಗಿಸುತ್ತಿದ್ದ. ಬೆಂಗಳೂರಿನ ಕಡೆಯವನು, ಮಾತು ಮೃದು. ನದಾಫ್ ತನ್ನ ಪರದೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ.

‘ಇದು ಹುಸಿ ಪ್ರತಿಧ್ವನಿ, ಅಮ್ಮಾ. ಕುರಿಯನ್ನು ಲಾರಿ ಅಂತ ಯಂತ್ರಕ್ಕೆ ಸುಳ್ಳು ಹೇಳ್ತಿದ್ದೀರಿ. ಇದು ಅಪರಾಧ ಅಂತ ಗೊತ್ತಾ?’

‘ನಿಮ್ಮ ಯಂತ್ರ ನನ್ನ ತಮ್ಮನ್ನ ಧೂಳು ಅಂದಿತ್ತಲ್ರಿ, ಅದು ಖರೇನ?’

‘ಅದು ದುರದೃಷ್ಟ. ಎಲ್ಲರಿಗೂ ಬೇಜಾರಿದೆ. ಹಾಗಂತ ಲಾರಿಗಳು ಸಿಕ್ಕಸಿಕ್ಕಲ್ಲಿ ನಿಲ್ಲೋಕಾಗಲ್ಲ.’

‘ಸಿಕ್ಕಸಿಕ್ಕಲ್ಲೆ ಬ್ಯಾಡ್ರಿ. ಮಂದಿ ಸಿಕ್ಕಲ್ಲೆ ನಿಲ್ರಿ. ನಿಮ್ಮ ಗೆರಿ ಕೆಳಗ ಇಳಸ್ರಿ, ನಾ ಇವತ್ತ ಕತ್ತರಿ ಕೆಳಗಿಡತೇನಿ.’

‘ಅದು ನೀತಿಯ ವಿಷಯ. ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.’ ಪ್ರಭಂಜನ್ ಒಂದು ಹಾಳೆಯನ್ನು ಮುಂದೆ ಸರಿಸಿದ. ಪ್ರತಿಫಲಿಸುವ ಘನಾಕೃತಿಗಳನ್ನು ಇನ್ನು ಮುಂದೆ ತಯಾರಿಸುವುದಿಲ್ಲ, ಇಟ್ಟುಕೊಳ್ಳುವುದಿಲ್ಲ, ಒಯ್ಯುವುದಿಲ್ಲ ಎಂಬ ಮುಚ್ಚಳಿಕೆ. ‘ಸಹಿ ಮಾಡಿ, ಕೇಸು ಇಲ್ಲಿಗೇ ಮುಗಿಸ್ತೀನಿ. ಇಲ್ಲದಿದ್ರೆ ಕಂಡಿಗಳ ಹತ್ತಿರ ಇವತ್ತಿನಿಂದಲೇ ಪಹರೆ ಇರುತ್ತೆ.’

ಹಾಲವ್ವ ಅದನ್ನು ಎರಡು ಸಲ ಓದಿದಳು. ಪೆನ್ನು ತೆಗೆದುಕೊಂಡಳು. ಮೂರನೆಯ ಸಾಲಿನಲ್ಲಿ ಎರಡು ಕಡೆ ಬಿಟ್ಟುಹೋಗಿದ್ದ ಅಲ್ಪವಿರಾಮ ಹಾಕಿ ತಿದ್ದಿ, ಸಹಿ ಮಾಡದೆ ವಾಪಸು ಕೊಟ್ಟಳು. ‘ಈಗ ಛಲೋ ಆತು. ಬ್ಯಾರೆ ಯಾರದರ ಸಹಿ ತಗೋರಿ,’ ಎಂದು ಹೊರಟಳು.

ಅವಳು ಮನೆಗೆ ಬಂದಾಗ ಮಾಳಪ್ಪ ಅಂಗಳದಲ್ಲಿ ಕಂಬಳಿ ಮಡಚುತ್ತ ಕುಳಿತಿದ್ದ. ಮಂಗಳವಾರ ಹೊರಡಲೇಬೇಕು, ಈಚೆ ಕಡೆ ಮೇವು ಮುಗಿದಿತ್ತು.

‘ಕಾಗದ ಇರಲಿ, ಬಿಡಲಿ, ನಾ ಹೊಂಟೇನಿ,’ ಎಂದ. ‘ಕುರಿ ಉಪಾಸ ಕೆಡವಿ ಕೂಡ್ರಾಕ ಬರಂಗಿಲ್ಲ.’

‘ಕಾಗದ ಇರತೈತಿ. ಮುಂದ ನಾನ ನಡೀತೇನಿ. ಲೆಕ್ಕ ನಂದಲ್ಲ? ತಪ್ಪಿದ್ರ ಮೊದಲ ನನಗ ಗೊತ್ತಾಗಲಿ,’ ಎಂದಳು ಹಾಲವ್ವ. ಮಾಳಪ್ಪ ತಂಗಿಯ ಮುಖ ನೋಡಿದ. ವಾದ ಮಾಡಿ ಗೆಲ್ಲುವ ಮುಖ ಅದಾಗಿರಲಿಲ್ಲ.

ಕಂಡಿಯಲ್ಲಿ ಪಹರೆ ಇದೆ, ಘನಾಕೃತಿ ಕಂಡರೆ ಹಿಡಿಯುತ್ತಾರೆ. ಹಾಗಾದರೆ ಕಂಡಿ ಮುಟ್ಟುವತನಕ ಅದು ಘನಾಕೃತಿಯಾಗಿರಬಾರದು. ಭಾನುವಾರ ಇಡೀ ಹಗಲು ಹಾಲವ್ವ ಕೋಡನ್ನು ಹೊಸದಾಗಿ ಬರೆದಳು. ಅರ್ಧ ಮಡಿಕೆ ಮೇಲಕ್ಕೆ, ಅರ್ಧ ಕೆಳಕ್ಕೆ. ಎಂಟೂ ಗುಳಿಗಳು ಮುಚ್ಚಿದ ಪುಸ್ತಕದಂತೆ ಚಪ್ಪಟೆ ಮಲಗಬೇಕು. ಮೂರು ರಂಧ್ರಗಳಲ್ಲಿ ಬೈಂಡಿಂಗಿನ ದಾರ ಪೋಣಿಸಿ ಎಳೆದರೆ ಒಮ್ಮೆಲೇ ಎದ್ದು ನಿಲ್ಲಬೇಕು. ನಾಲ್ಕು ಸಲ ತಪ್ಪಿತು, ಐದನೆಯ ಸಲ ನಿಂತಿತು. ಒಟ್ಟು ನಲವತ್ತೆರಡು ಸಾಲು. ಆ ನಲವತ್ತೆರಡು ಸಾಲನ್ನೂ ಪ್ರತಿ ಹಾಳೆಯ ಬಿಳಿ ಬದಿಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿದಳು. ಒಂದು ಹಾಳೆ ಯಾರ ಕೈಗೆ ಸಿಕ್ಕರೂ ಅವರು ಸಾವಿರ ಮಾಡಿಕೊಳ್ಳಬೇಕು. ಎಲ್ಲಕ್ಕೂ ಕೆಳಗೆ ಬರೆದಳು: ‘ಜೋಡಣೆ: ಹಾಲವ್ವ ಡೊಳ್ಳಿನ, ಬೆಟಗೇರಿ.’

ವಿರೂಪಾಕ್ಷಪ್ಪ ಕರಡು ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದ. ‘ನಿನ್ನ ಹೆಸರ ಹಾಕ್ಕೊಂಡೀಯಲ್ಲ, ಹಿಡದು ಒಳಗ ಹಾಕತಾರ.’

‘ಹಾಕಲಿ. ಹೆಸರಿಲ್ಲದ್ದಕ್ಕ ಅವ್ರು ಏನಂತಾರ ಅನ್ನೂದು ನೋಡೇನಲ್ರಿ.’

ವಿರೂಪಾಕ್ಷಪ್ಪ ಅಂಥ ಧೈರ್ಯಶಾಲಿಯೇನಲ್ಲ. ಪೊಲೀಸರ ಸೀಟಿ ಕೇಳಿದರೆ ಷಟರ್ ಎಳೆಯುವವನು. ಆದರೆ ಅವನಪ್ಪನ ಕಾಲದಿಂದ ಆ ಪ್ರೆಸ್ಸಿಗೆ ಒಂದು ಪದ್ಧತಿ ಇತ್ತು. ‘ಮುದ್ರಕರ ಹೆಸರಿಲ್ಲದ ಹಾಳಿ ನನ್ನ ಬಾಗಲಾ ದಾಟಂಗಿಲ್ಲ,’ ಎಂದು ಪೆನ್ನು ತೆಗೆದು ಅವಳ ಹೆಸರಿನ ಕೆಳಗೆ ತನ್ನದನ್ನೂ ವಿಳಾಸ ಸಮೇತ ಬರೆದ. ಹಾಲವ್ವನಿಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು.

ಸೋಮವಾರ ಸಂಜೆಯೊಳಗೆ ಅಂಥ ಹಾಳೆಗಳು ಬೆಟಗೇರಿಯ ಹನ್ನೊಂದು ಪ್ರೆಸ್ಸುಗಳಲ್ಲಿ ಅಚ್ಚಾಗುತ್ತಿದ್ದವು. ಯಾರು ಒಯ್ದು ಕೊಟ್ಟರೆಂದು ಯಾರೂ ಕೇಳಲಿಲ್ಲ. ಈರವ್ವ ಕಾಕುವಿಗೆ ಪ್ರತಿ ಪ್ರೆಸ್ಸಿನಲ್ಲೂ ಒಬ್ಬ ಬೀಗತಿ ಇದ್ದಳೆಂಬುದು ಮಾತ್ರ ನಿಜ.

ಮಂಗಳವಾರ ಮುಂಜಾನೆ ಕಂಡಿಯ ಹತ್ತಿರ ಇಬ್ಬರು ಪಹರೆಯವರು ಹಾಲವ್ವನ ಬುಟ್ಟಿಯನ್ನು ಇಳಿಸಿ ನೋಡಿದರು. ಬೆಳ್ಳಿ ಹಾಳೆಗಳ ಕಟ್ಟು.

‘ಏನಿದು?’

‘ಕಾಗದ.’

‘ಎದರ ಕಾಗದ?’

‘ಓದಾಕ ಬರತಿದ್ರ ಓದ್ರಿ. ನನ್ನ ಹೆಸರ ಐತಿ, ಊರೈತಿ.’

ಅವನು ಒಂದನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಘನಾಕೃತಿ ಹಿಡಿಯಲು ಹೇಳಿದ್ದರು. ಇದು ಅಂಗೈಯಷ್ಟು ಚಪ್ಪಟೆ, ಮೂಲೆಯಲ್ಲೊಂದು ಅರಿಷಿಣದ ಬೊಟ್ಟು. ‘ನಡೀರಿ ನಡೀರಿ,’ ಎಂದ.

ಕುರಿಗಳು ಕಂಡಿಯ ಬಾಯಲ್ಲಿ ಒತ್ತೊತ್ತಾಗಿ ನಿಂತವು. ಈರವ್ವ ಕಾಕು, ಅವಳ ಜೊತೆಯ ಹೆಂಗಸರು, ಮಾಳಪ್ಪ ಎಲ್ಲರೂ ದಾರ ಎಳೆಯತೊಡಗಿದರು. ಹಾಳೆಗಳು ಒಂದೊಂದಾಗಿ ಎದ್ದು ನಿಂತವು. ಪಹರೆಯವನು ‘ಏ, ಏ’ ಎನ್ನುವಷ್ಟರಲ್ಲಿ ನಲವತ್ತು ಕುರಿಗಳ ಕೊರಳಲ್ಲಿ ಬೆಳ್ಳಿ ಹೊಳೆಯುತ್ತಿತ್ತು. ಹಾಲವ್ವ ಒಂದನ್ನು ತನ್ನ ಕೊರಳಿಗೆ ಕಟ್ಟಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ರಸ್ತೆಗೆ ಇಳಿದಳು.

ಮೊದಲ ಸಾಲಿನಲ್ಲಿ ಬರುತ್ತಿದ್ದ ಲಾರಿ ಇನ್ನೂ ದೂರವಿತ್ತು. ಅವಳಿಗೆ ಲೆಕ್ಕ ಸರಿಯಿದೆಯೆಂದು ಗೊತ್ತಿತ್ತು. ಲಾರಿ ದೊಡ್ಡದಾಗುತ್ತ ಬಂತು. ಹಿಂದಿನಿಂದ ಮಾಳಪ್ಪ ಅವಳ ಹೆಸರು ಹಿಡಿದು ಕೂಗಿದ. ಅವಳು ತಿರುಗಲಿಲ್ಲ, ಓಡಲಿಲ್ಲ, ಎರಡನೆಯ ಸಾಲಿಗೆ ಹೆಜ್ಜೆಯಿಟ್ಟಳು. ಬ್ರೇಕಿನ ಚೀರಾಟ ಕೇಳಿಸಿತು. ನಾಲ್ಕೂ ಸಾಲಿನಲ್ಲಿ, ಎರಡೂ ದಿಕ್ಕಿನಲ್ಲಿ, ಒಂದರ ಹಿಂದೊಂದು ಲಾರಿಗಳು ನಿಂತವು. ಬೀರಪ್ಪ ಬಿದ್ದಿದ್ದ ಮೂರನೆಯ ಸಾಲಿನಲ್ಲಿ ಹಾಲವ್ವ ನಿಂತುಕೊಂಡಳು. ಕುರಿಗಳು ಅವಳ ಎಡಬಲಕ್ಕೆ ಹರಿದು ದಾಟತೊಡಗಿದವು.

ಪಹರೆಯವನು ವೈರ್‌ಲೆಸ್ ಹಿಡಿದು ಓಡಿಬಂದ. ಅದರೊಳಗೆ ನಿರ್ದೇಶಕರ ದನಿ. ಮೃದುತನ ಎಲ್ಲೋ ಹೋಗಿತ್ತು. ‘ತಕ್ಷಣ ರಸ್ತೆ ತೆರವು ಮಾಡಿ! ನಿಮ್ಮ ಕಂಡಿ ಒಂದೇ ಅಲ್ಲ, ಏಳು ಕಂಡಿಗಳಲ್ಲಿ ಲಾರಿ ನಿಂತಿವೆ. ಏನು ನಡೀತಿದೆ ಅಲ್ಲಿ?’

ಏಳು ಕಂಡಿ ಎಂಬುದು ಹಾಲವ್ವನಿಗೂ ಹೊಸ ಸುದ್ದಿ. ವೈರ್‌ಲೆಸ್ಸನ್ನು ಅವನ ಕೈಯಿಂದ ತೆಗೆದುಕೊಂಡಳು. ‘ಕುರಿ ದಾಟಾಕತ್ತಾವ್ರಿ,’ ಎಂದಳು.

‘ಎಷ್ಟು ಹೊತ್ತು?’

‘ಹೋದ ವರ್ಷ ನನ್ನ ತಮ್ಮ ಇಲ್ಲಿ ಅರ್ಧಾ ದಾಟಿದ್ದನ್ರಿ. ಉಳದ ಅರ್ಧಾ ಈಗ ದಾಟಾಕತ್ತಾನ. ಮುಗಿಯೂತನಕ ನಿಲ್ರಿ.’

ವೈರ್‌ಲೆಸ್ಸನ್ನು ಪಹರೆಯವನ ಕೈಗೆ ಮರಳಿ ಕೊಟ್ಟಳು. ಮಾಳಪ್ಪನ ಕೊನೆಯ ಕುರಿ ಆಚೆ ಬದಿಯ ಹೊಲಕ್ಕೆ ಇಳಿದಿತ್ತು. ‘ಬಾರವ್ವ, ಮುಗೀತು,’ ಎಂದು ಅವನು ಅಲ್ಲಿಂದಲೇ ಕೈ ಬೀಸಿದ. ಈಚೆ ಕಂಡಿಯಲ್ಲಿ ಇನ್ನೊಂದು ಹಿಂಡು ಬಂದು ನಿಂತಿತ್ತು. ಯಾವ ಊರಿನವರೋ, ಗುರುತಿಲ್ಲದ ಮುದುಕನೊಬ್ಬ, ಅವನ ಹಿಂದೆ ಮಗುವನ್ನೆತ್ತಿಕೊಂಡ ಸೊ‌ಸೆ. ಅವರ ಕೈಯಲ್ಲಿ ಕಾಗದವಿರಲಿಲ್ಲ. ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡಿ ಕಾಲಿಡಲು ಹೆದರುತ್ತಿದ್ದರು.

ಹಾಲವ್ವ ಮೂರನೆಯ ಸಾಲನ್ನು ಬಿಟ್ಟು ಕದಲಲಿಲ್ಲ. ಕೈಯಲ್ಲಿದ್ದ ಎಂಟ್ಮೂಲಿಯನ್ನು ತಲೆಯ ಮೇಲಕ್ಕೆತ್ತಿ ಹಿಡಿದು, ‘ಬರ್ರಿ ಯಪ್ಪಾ, ಸಾವಕಾಶ ಬರ್ರಿ. ನಾ ಇಲ್ಲೇ ನಿಂತೇನಿ,’ ಎಂದು ಕರೆದಳು.